ಬಾಡಿಗೆ ಕಟ್ಟಡದ ಅಂಗಡಿಗೆ ಫೈರ್ ಅಲಾರಂ: ಕಡ್ಡಾಯವೆಷ್ಟು, ಅಗತ್ಯವೆಷ್ಟು, ಹೊಣೆ ಯಾರದು?

ಪ್ರಶ್ನೆ: ಸೀರೆ ವ್ಯಾಪಾರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ದೇವರಾಜ ಅರಸು ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ, ಬಾಡಿಗೆ ಕಟ್ಟಡದ ನೆಲಮಹಡಿ ಹಾಗೂ ಮೊದಲ ಮಹಡಿಯಲ್ಲಿ ಮುಂದಿನ ತಿಂಗಳು ಸೀರೆ ಅಂಗಡಿ ತೆರೆಯಲು ಸಿದ್ಧತೆ ನಡೆಸಿದ್ದೇವೆ. ನೆಲಮಾಳಿಗೆಯ ಅರ್ಧ ಭಾಗ ನಮ್ಮ ದಾಸ್ತಾನಿಗೆ ದೊರೆತಿದ್ದು, ಉಳಿದ ಅರ್ಧದಲ್ಲಿ ಕಟ್ಟಡದ ಎಲ್ಲ ಬಾಡಿಗೆದಾರರ ದ್ವಿಚಕ್ರ ವಾಹನಗಳು ನಿಲ್ಲುತ್ತವೆ. ಎರಡನೆಯ ಮಹಡಿಯಲ್ಲಿ ಲೆಕ್ಕಪರಿಶೋಧಕರ ಕಚೇರಿಯಿದೆ, ಮೂರನೆಯ ಮಹಡಿಯಲ್ಲಿ ಟ್ಯೂಷನ್ ಕೇಂದ್ರವಿದ್ದು ಸಂಜೆಯ ಹೊತ್ತು ಮಕ್ಕಳಿಂದ ತುಂಬಿರುತ್ತದೆ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲು, ಒಂದೇ ಲಿಫ್ಟ್.

ಕಟ್ಟಡದ ಎತ್ತರ 15 ಮೀಟರಿಗಿಂತ ಕಡಿಮೆ ಇರುವುದರಿಂದ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಪ್ರಶ್ನೆಯೇ ಬರುವುದಿಲ್ಲ, ಆದ್ದರಿಂದ ಅಲಾರಂ ಕೂಡ ಬೇಕಿಲ್ಲ, ಗೋಡೆಗೆ ಬೆಂಕಿ ಆರಿಸುವ ಎರಡು ಸಿಲಿಂಡರ್ ತೂಗುಹಾಕಿದರೆ ಸಾಕು ಎಂಬುದು ಮಾಲೀಕರ ವಾದ. ಅವರ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದು ನನ್ನ ಮೊದಲ ಪ್ರಶ್ನೆ. ಒಬ್ಬ ಮಾರಾಟಗಾರರು ಚಾವಣಿಗೆ ಅಂಟಿಸುವ ಹೊಗೆ ಕಂಡರೆ ಕೂಗುವ, ಬ್ಯಾಟರಿ ಚಾಲಿತ ಬಿಡಿ ಡಿಟೆಕ್ಟರುಗಳನ್ನು ಕಡಿಮೆ ಬೆಲೆಗೆ ಕೊಡುವುದಾಗಿ ಹೇಳುತ್ತಾರೆ, ಮತ್ತೊಬ್ಬರು ಎಲ್ಲ ಡಿಟೆಕ್ಟರುಗಳನ್ನು ಜೋಡಿಸುವ ಕಂಟ್ರೋಲ್ ಪ್ಯಾನಲ್, ವೈರಿಂಗ್, ಜೋರಾಗಿ ಕೂಗುವ ಹೂಟರುಗಳೆಲ್ಲ ಸೇರಿದ ವ್ಯವಸ್ಥೆಗೆ ಅದರ ಹಲವು ಪಟ್ಟು ದರ ಕೊಟ್ಟಿದ್ದಾರೆ. ಇವೆರಡರ ನಡುವೆ ನಿಜವಾದ ವ್ಯತ್ಯಾಸವೇನು? ಮೂರನೆಯದಾಗಿ, ನಮ್ಮ ಅಂಗಡಿಯಲ್ಲಿ ಬೆಳಗ್ಗೆ ಊದಿನಕಡ್ಡಿ, ಶುಕ್ರವಾರ ಸಾಂಬ್ರಾಣಿ ಹಾಕುವುದು ತಪ್ಪುವುದಿಲ್ಲ, ಜೊತೆಗೆ ಸೀರೆಗಳಿಗೆ ಹಬೆ ಇಸ್ತ್ರಿ ಮಾಡುವ ಕೋಣೆಯೂ ಇದೆ. ದಿನವೂ ಸುಳ್ಳು ಅಲಾರಂ ಕೂಗಿದರೆ ಗ್ರಾಹಕರು ಗಾಬರಿಯಾಗುತ್ತಾರೆ, ಕೆಲಸದವರು ಅದನ್ನು ಕಿತ್ತುಹಾಕುತ್ತಾರೆ ಎಂಬ ಆತಂಕ ನನಗಿದೆ. ಕೊನೆಯದಾಗಿ, ಈ ಖರ್ಚು ಬಾಡಿಗೆದಾರನದೋ ಮಾಲೀಕರದೋ ತಿಳಿಸಿ. ಬಾಡಿಗೆ ಕರಾರಿಗೆ ಇನ್ನೂ ಸಹಿ ಹಾಕಿಲ್ಲ.

ಉತ್ತರ 1: ಅಗ್ನಿಶಾಮಕ ಸೇವೆಯಿಂದ ನಿವೃತ್ತ, ಸರಸ್ವತಿಪುರಂ

ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿದ್ದೀರಿ, ಅದು ಒಳ್ಳೆಯದಾಯಿತು. ಸಾಮಾನ್ಯವಾಗಿ ಇಂತಹ ಪ್ರಶ್ನೆಗಳು ಪೀಠೋಪಕರಣ ಜೋಡಿಸಿ, ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಬರುತ್ತವೆ.

ಮಾಲೀಕರು ಹೇಳುವ 15 ಮೀಟರ್ ಎಂಬ ಅಳತೆ ಸುಳ್ಳಲ್ಲ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಕಟ್ಟಡವೆಂದು ಕರೆಯುತ್ತದೆ. ಆದರೆ ಅದೇ ಸಂಹಿತೆಯ ನಾಲ್ಕನೆಯ ಭಾಗವನ್ನು, ಅಂದರೆ ಅಗ್ನಿ ಮತ್ತು ಜೀವ ಸುರಕ್ಷತೆಯ ಭಾಗವನ್ನು ತೆರೆದು ನೋಡಿದರೆ, ಕಟ್ಟಡಕ್ಕೆ ಯಾವ ಸಲಕರಣೆ ಬೇಕೆಂಬುದನ್ನು ಎತ್ತರವೊಂದರಿಂದಲೇ ನಿರ್ಧರಿಸಿಲ್ಲವೆಂಬುದು ತಿಳಿಯುತ್ತದೆ. ಕಟ್ಟಡ ಯಾವ ಬಳಕೆಯದು, ಮಹಡಿಯ ವಿಸ್ತೀರ್ಣ ಎಷ್ಟು, ನೆಲಮಾಳಿಗೆ ಇದೆಯೇ ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಕಚೇರಿಗಳು ಒಂದು ವರ್ಗ, ಅಂಗಡಿಗಳು ಬೇರೊಂದು ವರ್ಗ, ಶಿಕ್ಷಣದ ಬಳಕೆ ಮತ್ತೊಂದು ವರ್ಗ. ನಿಮ್ಮ ಕಟ್ಟಡದಲ್ಲಿ ಮೂರೂ ಒಂದೇ ಮೆಟ್ಟಿಲನ್ನು ಹಂಚಿಕೊಂಡಿವೆ. ಹೀಗೆ ಬಳಕೆಗಳು ಬೆಂಕಿ ತಡೆಯುವ ಗೋಡೆಗಳಿಂದ ಬೇರ್ಪಡದೆ ಬೆರೆತಿರುವಾಗ, ಅವುಗಳಲ್ಲಿ ಹೆಚ್ಚು ಕಟ್ಟುನಿಟ್ಟಾದ ನಿಯಮವೇ ಇಡೀ ಕಟ್ಟಡಕ್ಕೆ ಅನ್ವಯವಾಗುತ್ತದೆ ಎಂಬುದು ಸಂಹಿತೆಯ ನಿಲುವು. ನೆಲಮಾಳಿಗೆ 200 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಅಲ್ಲಿಗೆ ಬೆಂಕಿಯ ಶಾಖಕ್ಕೆ ತಾನಾಗಿಯೇ ನೀರು ಚಿಮುಕಿಸುವ ಸ್ಪ್ರಿಂಕ್ಲರನ್ನೂ ಅದು ಕೇಳುತ್ತದೆ, ಆದ್ದರಿಂದ ಆ ಅಳತೆಯನ್ನು ನೀವೇ ಒಮ್ಮೆ ಟೇಪ್ ಹಿಡಿದು ನೋಡುವುದು ಒಳ್ಳೆಯದು.

ಸಂಹಿತೆಯು ತಾನಾಗಿಯೇ ಕಾನೂನಾಗುವುದಿಲ್ಲ, ರಾಜ್ಯದ ನಿಯಮಗಳು ಮತ್ತು ನಗರಪಾಲಿಕೆಯ ಕಟ್ಟಡ ಉಪವಿಧಿಗಳ ಮೂಲಕ ಅದಕ್ಕೆ ಬಲ ಬರುತ್ತದೆ ಎಂಬುದೂ ನಿಜ. ಹಾಗಾಗಿ ನಿಮ್ಮ ಕಟ್ಟಡಕ್ಕೆ ಕಾಗದದ ಮೇಲೆ ಏನೇನು ಕಡ್ಡಾಯವೆಂಬುದನ್ನು, ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಲೀಕರಿಂದ ಪಡೆದು, ಅಗ್ನಿಶಾಮಕ ಠಾಣೆಯಲ್ಲಿಯೂ ಪಾಲಿಕೆಯ ವಲಯ ಕಚೇರಿಯಲ್ಲಿಯೂ ಲಿಖಿತವಾಗಿ ಕೇಳಿ ತಿಳಿಯಿರಿ. ನಕ್ಷೆಯಲ್ಲಿ ನೆಲಮಾಳಿಗೆಯನ್ನು ಪೂರ್ತಿ ವಾಹನ ನಿಲುಗಡೆಗೆಂದು ತೋರಿಸಿದ್ದರೆ ಅಲ್ಲಿ ದಾಸ್ತಾನು ಇಡುವುದೇ ತಕರಾರಿಗೆ ಕಾರಣವಾಗುತ್ತದೆ, ಆ ಕಟ್ಟಡದಲ್ಲಿ ನಾನು ಮೊದಲು ನೋಡುವುದು ಅದನ್ನೇ.

ಇಷ್ಟು ಹೇಳಿದ ಮೇಲೆ, ಕಡ್ಡಾಯದ ಲೆಕ್ಕವನ್ನು ಪಕ್ಕಕ್ಕಿಟ್ಟು ಒಂದು ಮಾತು ಹೇಳಬೇಕು. ನಿಮ್ಮ ಕಟ್ಟಡದಲ್ಲಿ ಬೆಂಕಿ ಹುಟ್ಟುವ ಸಾಧ್ಯತೆ ಹೆಚ್ಚಿರುವುದು ನೆಲಮಾಳಿಗೆಯಲ್ಲಿ, ಪ್ರಾಣಾಪಾಯ ಹೆಚ್ಚಿರುವುದು ಮೂರನೆಯ ಮಹಡಿಯಲ್ಲಿ. ಹೊಗೆ ಮೇಲಕ್ಕೇ ಹೋಗುತ್ತದೆ, ಮೆಟ್ಟಿಲ ಕೋಣೆ, ಲಿಫ್ಟಿನ ಗುಂಡಿ, ವಿದ್ಯುತ್ ಕೇಬಲ್ ಹಾದುಹೋಗುವ ಡಕ್ಟ್ ಇವೆಲ್ಲ ಅದರ ದಾರಿಗಳು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ತೀರಿಕೊಂಡದ್ದು ವಿದ್ಯುತ್ ಡಕ್ಟಿನಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡು, ಹೊರಬರುವ ದಾರಿ ಸಿಗದೆ. ಕೆಲವರು ಗಾಜು ಒಡೆದು ಕೆಳಕ್ಕೆ ಹಾರಿದರು. ನಮ್ಮ ಮೈಸೂರಿನಲ್ಲಿಯೇ 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದ ಬೆಂಕಿಯಲ್ಲಿ ಚಿತ್ರೀಕರಣದ ಸೆಟ್ಟಿನಲ್ಲಿದ್ದ ಅನೇಕ ಮಂದಿ ಹೊರಬರಲಾಗದೆ ಸತ್ತರು, ಆ ದಿನವನ್ನು ಈ ಊರಿನ ಹಿರಿಯರು ಯಾರೂ ಮರೆತಿಲ್ಲ. ಅಲಾರಂ ಎಂಬುದು ಬೆಂಕಿ ಆರಿಸುವ ಸಾಧನವಲ್ಲ. ಮೆಟ್ಟಿಲ ಮೇಲೆ ಹೊಗೆ ತುಂಬುವ ಮೊದಲು ಜನ ಇಳಿದು ಬರಲು ಬೇಕಾದ ಆ ಕೆಲವೇ ನಿಮಿಷಗಳನ್ನು ಅದು ಗಳಿಸಿಕೊಡುತ್ತದೆ. ಆದ್ದರಿಂದ ನಿಮ್ಮ ಅಂಗಡಿಯೊಳಗೆ ಮಾತ್ರ ಕೇಳಿಸುವ ಅಲಾರಂ ಈ ಕಟ್ಟಡಕ್ಕೆ ಸಾಲದು, ನೆಲಮಾಳಿಗೆಯ ಹೊಗೆ ಮೂರನೆಯ ಮಹಡಿಯ ಗಂಟೆಯನ್ನು ಬಾರಿಸಬೇಕು.

ಉತ್ತರ 2: ಅಲಾರಂ ಅಳವಡಿಕೆ ಎಂಜಿನಿಯರ್, ಹೆಬ್ಬಾಳ

ಹಿರಿಯರ ಕೊನೆಯ ವಾಕ್ಯದಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಬಿಡಿ ಡಿಟೆಕ್ಟರ್ ತಾನಿರುವ ಕೋಣೆಯಲ್ಲಿ ಮಾತ್ರ ಕೂಗುತ್ತದೆ. ನೆಲಮಾಳಿಗೆಯಲ್ಲಿ ಅದು ಎಷ್ಟೇ ಕೂಗಿದರೂ ಮೊದಲ ಮಹಡಿಯಲ್ಲಿ ಸೀರೆ ತೋರಿಸುತ್ತಿರುವವರಿಗೆ ಕೇಳಿಸದು, ಮುಚ್ಚಿದ ಸಾಮಾನ್ಯ ಬಾಗಿಲೊಂದೇ ಸುಮಾರು 20 ಡೆಸಿಬಲ್‌ನಷ್ಟು ಸದ್ದನ್ನು ತಡೆದುಬಿಡುತ್ತದೆ. ಸಣ್ಣ ಮನೆಗೆ ಅದು ತಕ್ಕ ಸಾಧನ, ನಾಲ್ಕು ಅಂತಸ್ತಿನ ವಾಣಿಜ್ಯ ಕಟ್ಟಡಕ್ಕೆ ತಕ್ಕುದಲ್ಲ. ಅಲಾರಂ ವ್ಯವಸ್ಥೆಯ ಆಯ್ಕೆ, ಅಳವಡಿಕೆ ಮತ್ತು ನಿರ್ವಹಣೆಗೆ ಐಎಸ್ 2189 ಎಂಬ ಭಾರತೀಯ ಮಾನಕವಿದೆ, ದರಪಟ್ಟಿ ಕೊಟ್ಟವರನ್ನು ನಿಮ್ಮ ವಿನ್ಯಾಸ ಅದರಂತೆ ಇದೆಯೇ ಎಂದು ನೇರವಾಗಿ ಕೇಳಿ. ಕಟ್ಟಡದ ಯಾವ ಮೂಲೆಯಲ್ಲಿಯೂ ಹೂಟರಿನ ಸದ್ದು 65 ಡೆಸಿಬಲ್ ಇರಬೇಕು, ಅಥವಾ ಅಲ್ಲಿನ ಎಂದಿನ ಗದ್ದಲಕ್ಕಿಂತ 5 ಡೆಸಿಬಲ್ ಹೆಚ್ಚಿರಬೇಕು, ಎರಡರಲ್ಲಿ ಯಾವುದು ಹೆಚ್ಚೋ ಅದು. ದಸರಾ, ದೀಪಾವಳಿಯ ವ್ಯಾಪಾರದ ಗದ್ದಲವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅಳತೆ ಮಾಡಿಸಬೇಕು, ಖಾಲಿ ಅಂಗಡಿಯಲ್ಲಿ ಮಾಡಿಸಿದರೆ ಪ್ರಯೋಜನವಿಲ್ಲ.

ಪ್ಯಾನಲಿನಲ್ಲಿ ಎರಡು ಬಗೆಗಳಿವೆ. ಕನ್ವೆನ್ಷನಲ್ ಎಂಬುದರಲ್ಲಿ ಯಾವ ವಲಯದಲ್ಲಿ ಬೆಂಕಿಯೆಂಬುದು ಮಾತ್ರ ತಿಳಿಯುತ್ತದೆ, ಅಡ್ರೆಸಬಲ್ ಎಂಬುದರಲ್ಲಿ ಯಾವ ಡಿಟೆಕ್ಟರ್ ಎಂಬುದೂ ತಿಳಿಯುತ್ತದೆ. ನಿಮ್ಮ ಗಾತ್ರದ ಕಟ್ಟಡಕ್ಕೆ ಮಹಡಿಗೊಂದು ವಲಯವಿರುವ ಕನ್ವೆನ್ಷನಲ್ ಪ್ಯಾನಲ್ ಸಾಕೆಂಬುದು ನನ್ನ ಅಭಿಪ್ರಾಯ. ದುಬಾರಿ ಬಗೆಯನ್ನು ಒತ್ತಾಯಿಸುವವರ ಮಾತಿಗೆ ಮರುಳಾಗಬೇಡಿ, ಆ ಹಣವನ್ನು ಒಳ್ಳೆಯ ಕೇಬಲ್ಲಿಗೂ ಹೆಚ್ಚುವರಿ ಹೂಟರುಗಳಿಗೂ ಹಾಕಿ. ಎರಡು ಮಹಡಿಗಳನ್ನು ಒಂದೇ ವಲಯಕ್ಕೆ ಸೇರಿಸಲು ಮಾತ್ರ ಒಪ್ಪಬೇಡಿ. ಪ್ರತಿ ಮಹಡಿಯಲ್ಲಿಯೂ ಮೆಟ್ಟಿಲಿಗೆ ಹೋಗುವ ಬಾಗಿಲ ಪಕ್ಕದಲ್ಲಿ, ಗಾಜು ಒತ್ತಿ ಅಲಾರಂ ಎಬ್ಬಿಸುವ ಕೆಂಪು ಕಾಲ್ ಪಾಯಿಂಟ್ ಇರಬೇಕು. ಹಗಲು ಹೊತ್ತಿನಲ್ಲಿ ಬೆಂಕಿಯನ್ನು ಡಿಟೆಕ್ಟರಿಗಿಂತ ಮೊದಲು ಮನುಷ್ಯರೇ ಕಾಣುವುದು ಹೆಚ್ಚು.

ಸಾಂಬ್ರಾಣಿಯ ಪ್ರಶ್ನೆ ಬಹಳ ಮುಖ್ಯವಾದದ್ದು, ಊದಿನಕಡ್ಡಿಯ ಊರಾದ ಮೈಸೂರಿನಲ್ಲಿ ಇದನ್ನು ಪ್ರತಿಯೊಬ್ಬ ಅಂಗಡಿಯವರೂ ಕೇಳುತ್ತಾರೆ. ಈಗ ಬಳಕೆಯಲ್ಲಿರುವ ಸ್ಮೋಕ್ ಡಿಟೆಕ್ಟರುಗಳು ಬಹುಪಾಲು ಬೆಳಕಿನ ತತ್ತ್ವದವು. ಒಳಗಿನ ಕತ್ತಲ ಕೋಣೆಯಲ್ಲಿ ಸಣ್ಣ ಬೆಳಕಿನ ಕಿರಣವೊಂದು ಸಂವೇದಕಕ್ಕೆ ನೇರವಾಗಿ ಬೀಳದಂತೆ ಹಾದುಹೋಗುತ್ತಿರುತ್ತದೆ, ಹೊಗೆಯ ಕಣಗಳು ಒಳನುಗ್ಗಿದಾಗ ಆ ಬೆಳಕು ಚದುರಿ ಸಂವೇದಕದ ಮೇಲೆ ಬಿದ್ದು ಅಲಾರಂ ಎದ್ದೇಳುತ್ತದೆ. ಊದಿನಕಡ್ಡಿಯ ಹೊಗೆ, ಇಸ್ತ್ರಿಯ ಹಬೆ, ದಟ್ಟವಾದ ಧೂಳು ಇವೆಲ್ಲವೂ ಅದೇ ರೀತಿ ಬೆಳಕನ್ನು ಚದುರಿಸುವುದರಿಂದ ಸಾಧನಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ಪರಿಹಾರ ಸ್ಥಳದ ಆಯ್ಕೆಯಲ್ಲಿದೆ. ಇಸ್ತ್ರಿ ಕೋಣೆಗೆ ಮತ್ತು ದೇವರ ಪಟವಿರುವ ಮೂಲೆಗೆ ಹೀಟ್ ಡಿಟೆಕ್ಟರ್ ಹಾಕಿ, ಅದು ಶಾಖ ನಿಗದಿತ ಮಟ್ಟ ಮುಟ್ಟಿದಾಗ ಅಥವಾ ಅತಿವೇಗವಾಗಿ ಏರಿದಾಗ ಮಾತ್ರ ಕೂಗುತ್ತದೆ. ಉಳಿದ ಕಡೆ, ಮುಖ್ಯವಾಗಿ ದಾಸ್ತಾನಿನ ಮೇಲೆ, ಸ್ಮೋಕ್ ಡಿಟೆಕ್ಟರೇ ಇರಲಿ, ಏಕೆಂದರೆ ಹೀಟ್ ಡಿಟೆಕ್ಟರ್ ಎದ್ದೇಳುವ ಹೊತ್ತಿಗೆ ಬೆಂಕಿ ಬಹಳಷ್ಟು ಬೆಳೆದಿರುತ್ತದೆ. ಪೂಜೆಯ ವೇಳೆ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಆಮೇಲೆ ಬಿಚ್ಚುವುದನ್ನು ಮರೆಯುವ ಪದ್ಧತಿ ನಮ್ಮ ಊರಿನ ಅಂಗಡಿಗಳಲ್ಲಿ ಇದೆ, ಅದಕ್ಕೆ ದಯವಿಟ್ಟು ಅವಕಾಶ ಕೊಡಬೇಡಿ. ಎಸಿಯ ಗಾಳಿ ನೇರವಾಗಿ ಬೀಸುವ ಜಾಗದಲ್ಲಿಯೂ ಡಿಟೆಕ್ಟರ್ ಬೇಡ, ಗಾಳಿಯು ಹೊಗೆಯನ್ನು ಅದರಿಂದ ದೂರ ತಳ್ಳುತ್ತದೆ. ಫಾಲ್ಸ್ ಸೀಲಿಂಗಿನ ಮೇಲಿನ ಟೊಳ್ಳು 800 ಮಿಲಿಮೀಟರಿಗಿಂತ ಎತ್ತರವಿದ್ದರೆ ಅದರೊಳಗೂ ಡಿಟೆಕ್ಟರ್ ಬೇಕು, ಅದು ಎದ್ದಾಗ ಕೆಳಗಿನವರಿಗೆ ಕಾಣುವಂತೆ ಸೀಲಿಂಗಿನ ಹೊರಮೈಯಲ್ಲಿ ಸೂಚಕ ದೀಪವೂ ಬೇಕು. ಸೀಲಿಂಗ್ ಕೆಲಸದವರು ಬರುವ ಮೊದಲೇ ಈ ವೈರಿಂಗ್ ಮುಗಿಯಲಿ.

ಇನ್ನೊಂದು ವಿಷಯವನ್ನು ದರಪಟ್ಟಿಗಳಲ್ಲಿ ಯಾರೂ ಬರೆಯುವುದಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಮುಖ್ಯ ಸ್ವಿಚ್ ಇಳಿಸಿ ಹೋಗುವುದು ನಮ್ಮಲ್ಲಿ ಎಲ್ಲರ ಅಭ್ಯಾಸ, ಶಾರ್ಟ್ ಸರ್ಕ್ಯೂಟಿನ ಭಯದಿಂದ ಅದು ಒಳ್ಳೆಯ ಅಭ್ಯಾಸವೂ ಹೌದು. ಆದರೆ ಅಲಾರಂ ಪ್ಯಾನಲಿಗೂ ಅದೇ ಸ್ವಿಚ್ಚಿನಿಂದ ವಿದ್ಯುತ್ ಕೊಟ್ಟಿದ್ದರೆ ಅದು ಪ್ರತಿ ರಾತ್ರಿಯೂ ಬ್ಯಾಟರಿಯ ಮೇಲೆ ಬದುಕಬೇಕಾಗುತ್ತದೆ. ಒಳಗಿರುವ 12 ವೋಲ್ಟಿನ ಎರಡು ಬ್ಯಾಟರಿಗಳು ಹೀಗೆ ದಿನವೂ ಬರಿದಾಗಿ ತುಂಬುತ್ತ ಬೇಗನೆ ಸೊರಗುತ್ತವೆ, ಆಮೇಲೆ ವಾರದ ರಜೆಯ ದಿನ ಪ್ಯಾನಲ್ ಸತ್ತೇ ಇರುತ್ತದೆ, ಹಬ್ಬಕ್ಕೆ ಎರಡು ದಿನ ಬಾಗಿಲು ಹಾಕಿದರೆ ಕೇಳುವುದೇ ಬೇಡ. ಕಟ್ಟಡದ ಮುಖ್ಯ ಬೋರ್ಡಿನಿಂದ ಪ್ಯಾನಲಿಗೆಂದೇ ಪ್ರತ್ಯೇಕ ಸರ್ಕ್ಯೂಟ್ ಎಳೆಸಿ, ಅದರ ಮೇಲೆ ಆರಿಸಬಾರದು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

ಉತ್ತರ 3: ಟ್ಯೂಷನ್ ಶಿಕ್ಷಕಿ, ಮಂಡ್ಯ

ನಾನು ಈ ಪ್ರಶ್ನೆಯ ಮತ್ತೊಂದು ಬದಿಯಲ್ಲಿರುವವಳು. ಮಂಡ್ಯದ ವಾಣಿಜ್ಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳುತ್ತೇನೆ, ಕೆಳಗಿನ ಎರಡು ಮಹಡಿಗಳಲ್ಲಿ ಬಟ್ಟೆ ಮತ್ತು ಪ್ಲಾಸ್ಟಿಕ್ ಸಾಮಾನುಗಳ ಅಂಗಡಿಗಳಿವೆ. 2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಆರ್ಕೇಡ್‌ನಲ್ಲಿ, ವಾಣಿಜ್ಯ ಕಟ್ಟಡದ ಮೇಲ್ಭಾಗದ ತರಗತಿಯಲ್ಲಿದ್ದ 22 ಮಂದಿ ಸತ್ತ ಸುದ್ದಿಯನ್ನು ಓದಿದಂದಿನಿಂದ, ನಮ್ಮ ಮಕ್ಕಳು ಮೆಟ್ಟಿಲು ಹತ್ತಿ ಬರುವುದನ್ನು ನಾನು ಬೇರೆಯೇ ಕಣ್ಣಿನಿಂದ ನೋಡುತ್ತೇನೆ.

ನಮ್ಮ ಕಟ್ಟಡದಲ್ಲಿ ಕೆಳಗಿನ ಅಂಗಡಿಯವರು ಅಲಾರಂ ಹಾಕಿಸಿದ್ದರು, ಆದರೆ ಅದರ ಹೂಟರುಗಳು ಅವರ ಅಂಗಡಿಯೊಳಗೆ ಮಾತ್ರ ಇದ್ದವು. ಒಂದು ಸಂಜೆ ಅವರ ಇನ್ವರ್ಟರ್ ಬ್ಯಾಟರಿಯ ಬಳಿ ವೈರ್ ಸುಟ್ಟು ಅಲಾರಂ ಕೂಗಿತು, ಅವರೆಲ್ಲ ರಸ್ತೆಗೆ ಇಳಿದರು, ಬೆಂಕಿಯನ್ನು ಬೇಗ ಆರಿಸಿದರು. ಇವಿಷ್ಟೂ ನಮಗೆ ತಿಳಿದದ್ದು ವಾಸನೆ ಬಂದು ಕಿಟಕಿಯಿಂದ ಬಗ್ಗಿ ನೋಡಿದಾಗ. ಅಷ್ಟು ಹೊತ್ತೂ ತರಗತಿ ನಡೆದೇ ಇತ್ತು. ಆ ಅಂಗಡಿಯವರನ್ನು ನಾನು ದೂರುವುದಿಲ್ಲ, ಮೇಲಿನವರಿಗೂ ತಿಳಿಯಬೇಕೆಂಬ ಯೋಚನೆಯನ್ನು ಅವರಿಗೆ ಅಲಾರಂ ಮಾರಿದವರು ಹೇಳಿಯೇ ಇರಲಿಲ್ಲ. ಆ ಘಟನೆಯ ನಂತರ ಬಾಡಿಗೆದಾರರೆಲ್ಲ ಒಟ್ಟಾಗಿ ಮಾಲೀಕರ ಬಳಿ ಹೋದೆವು. ಮಹಡಿಗೊಂದು ಹೂಟರ್ ಮತ್ತು ಕಾಲ್ ಪಾಯಿಂಟ್ ಹಾಕಿಸಿ ಎಲ್ಲವನ್ನೂ ಒಂದೇ ಪ್ಯಾನಲಿಗೆ ಜೋಡಿಸುವ ಖರ್ಚನ್ನು ಅವರು ಭರಿಸಿದರು, ವಾರ್ಷಿಕ ನಿರ್ವಹಣೆಯನ್ನು ನಾವು ವಿಸ್ತೀರ್ಣದ ಪ್ರಕಾರ ಹಂಚಿಕೊಳ್ಳುತ್ತೇವೆ.

ನಿಮ್ಮ ಮೂರನೆಯ ಮಹಡಿಯ ಟ್ಯೂಷನ್ ಕೇಂದ್ರದವರ ಜೊತೆ ಈಗಲೇ ಮಾತನಾಡಿ. ತಾರಸಿಯ ಬಾಗಿಲಿಗೆ ಬೀಗವಿದೆಯೇ, ಇದ್ದರೆ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ವಿಚಾರಿಸಿ. ನಮ್ಮಲ್ಲಿ ಸಂಜೆ ಹೊತ್ತು ಅದು ಕಾವಲುಗಾರನ ಜೇಬಿನಲ್ಲಿರುತ್ತಿತ್ತು, ಆತ ಚಹಾಕ್ಕೆ ಹೋದರೆ ಮೇಲಿನ ದಾರಿಯೇ ಇಲ್ಲ. ಮಕ್ಕಳಿಗೆ ಹೇಳಿಕೊಡುವುದು ಕಷ್ಟವೇನಲ್ಲ: ಗಂಟೆ ಕೇಳಿದೊಡನೆ ಚೀಲ ಬಿಟ್ಟು, ಲಿಫ್ಟ್ ಹತ್ತದೆ, ಸಾಲಾಗಿ ಇಳಿದು ಎದುರಿನ ಖಾಲಿ ಜಾಗದಲ್ಲಿ ನಿಲ್ಲಬೇಕು, ಅಲ್ಲಿ ನಾನು ಹಾಜರಿ ಕರೆಯುತ್ತೇನೆ.

ಸೀರೆ ವ್ಯಾಪಾರಿ, ಮೈಸೂರು

ಮೂವರಿಗೂ ಕೃತಜ್ಞತೆಗಳು. ಇಂದು ಮಾಲೀಕರಿಂದ ನಕ್ಷೆ ಪಡೆದು ನೋಡಿದೆ, ನೆಲಮಾಳಿಗೆಯಲ್ಲಿ ನಮ್ಮ ಭಾಗವನ್ನು ಉಗ್ರಾಣವೆಂದೇ ತೋರಿಸಲಾಗಿದೆ. ಆದರೆ ಕಟ್ಟಡದ ಇನ್ವರ್ಟರ್ ಮೆಟ್ಟಿಲ ಕೆಳಗೇ ಇದೆ, ಅದರ ಸುತ್ತ ಹಳೆಯ ರಟ್ಟಿನ ಪೆಟ್ಟಿಗೆಗಳಿವೆ, ಪಕ್ಕದಲ್ಲಿಯೇ ಎರಡು ವಿದ್ಯುತ್ ಸ್ಕೂಟರುಗಳಿಗೆ ಚಾರ್ಜಿಂಗ್ ನಡೆಯುತ್ತದೆ. ಮಾಲೀಕರು ಅಲಾರಂ ಖರ್ಚಿನ ಬಗ್ಗೆ ಯೋಚಿಸುವುದಾಗಿ ಹೇಳಿದ್ದಾರೆ, ಆದರೆ ಬಾಯಿಮಾತಿನಲ್ಲಿ ಮಾತ್ರ. ಕರಾರಿನಲ್ಲಿ ಏನು ಬರೆಸಬೇಕು? ನಮ್ಮ ದಾಸ್ತಾನಿನಲ್ಲಿ ರೇಷ್ಮೆಯೂ ಇದೆ, ಸಿಂಥೆಟಿಕ್ ಸೀರೆಗಳೂ ಇವೆ, ಅದರಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ? ರಾತ್ರಿ ಶಟರ್ ಎಳೆದ ಮೇಲೆ ಅಲಾರಂ ಕೂಗಿದರೆ ಕೇಳುವವರು ಯಾರು ಎಂಬುದೂ ನನಗೆ ಹೊಳೆಯುತ್ತಿಲ್ಲ.

ಉತ್ತರ 4: ವಿಮಾ ಕ್ಷೇತ್ರದವರು, ಕುವೆಂಪುನಗರ

ವಿಮೆಯ ಬಗ್ಗೆ ಮಾತ್ರ ಹೇಳುತ್ತೇನೆ. ಒಂದೇ ಸ್ಥಳದಲ್ಲಿರುವ ಆಸ್ತಿ ಮತ್ತು ದಾಸ್ತಾನಿನ ಒಟ್ಟು ಮೌಲ್ಯ 5 ಕೋಟಿ ರೂಪಾಯಿಯವರೆಗೆ ಇರುವ ಸಣ್ಣ ಉದ್ದಿಮೆಗಳಿಗೆ 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ, ಹಲವು ಸಾಮಾನ್ಯ ವಿಮಾ ಕಂಪನಿಗಳು ಅದನ್ನು ಕೊಡುತ್ತವೆ. ಪ್ರಸ್ತಾವನೆಯ ಅರ್ಜಿಯಲ್ಲಿ ನೆಲಮಾಳಿಗೆಯಲ್ಲಿ ದಾಸ್ತಾನು ಇದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಅಲಾರಂ ಇದೆಯೆಂದು ಬರೆದರೆ ಅದು ಕೆಲಸ ಮಾಡುತ್ತಿತ್ತೆಂಬುದಕ್ಕೆ ನಿರ್ವಹಣೆಯ ದಾಖಲೆ ಪುಸ್ತಕವೂ ಇರಬೇಕು, ನಷ್ಟದ ನಂತರ ಸಮೀಕ್ಷಕರು ಕೇಳುವ ಕಾಗದಗಳಲ್ಲಿ ಅದೂ ಒಂದು. ಆ ಪುಸ್ತಕದ ಪ್ರತಿಯನ್ನು ಅಂಗಡಿಯ ಹೊರಗೆ ಇಟ್ಟುಕೊಳ್ಳಿ.

ಉತ್ತರ 5: ಅಲಾರಂ ಅಳವಡಿಕೆ ಎಂಜಿನಿಯರ್, ಹೆಬ್ಬಾಳ

ಮೆಟ್ಟಿಲ ಕೆಳಗಿನ ಇನ್ವರ್ಟರ್ ವಿಷಯವನ್ನು ಅಲಾರಂ ಬರುವವರೆಗೂ ಕಾಯಿಸಬೇಡಿ, ಈ ವಾರವೇ ಸರಿಪಡಿಸಿ. ಕಟ್ಟಡಕ್ಕೆ ಮೆಟ್ಟಿಲು ಒಂದೇ ಆಗಿರುವಾಗ ಅದರ ಬುಡದಲ್ಲಿ ಬ್ಯಾಟರಿ, ರಟ್ಟು, ಸ್ಕೂಟರ್ ಚಾರ್ಜಿಂಗ್ ಮೂರೂ ಇರುವುದೆಂದರೆ ಬೆಂಕಿಗೆ ಬೇಕಾದದ್ದನ್ನು ಜನ ಇಳಿಯುವ ದಾರಿಯಲ್ಲಿಯೇ ಜೋಡಿಸಿಟ್ಟಂತೆ. ಪೆಟ್ಟಿಗೆಗಳನ್ನು ಇಂದೇ ತೆಗೆಸಿ, ಇನ್ವರ್ಟರನ್ನು ಗಾಳಿಯಾಡುವ ಬೇರೆ ಜಾಗಕ್ಕೆ ಸ್ಥಳಾಂತರಿಸಲು ಮಾಲೀಕರಿಗೆ ಹೇಳಿ, ಸ್ಕೂಟರ್ ಚಾರ್ಜಿಂಗನ್ನು ಕಟ್ಟಡದ ಹೊರಗಿನ ತೆರೆದ ಜಾಗಕ್ಕೆ ಒಯ್ಯಿಸಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಗೋಡೆಯ ಮೇಲಿನ ಪುಡಿ ಸಿಲಿಂಡರಿನಿಂದ ಅದು ಹತೋಟಿಗೆ ಬರುವುದು ಕಷ್ಟ, ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ.

ದಾಸ್ತಾನಿನಿಂದ ವ್ಯತ್ಯಾಸವಾಗುತ್ತದೆ. ಶುದ್ಧ ರೇಷ್ಮೆ ಸುಲಭವಾಗಿ ಹೊತ್ತುವುದಿಲ್ಲ, ಜ್ವಾಲೆ ದೂರವಾದರೆ ತಾನಾಗಿಯೇ ನಂದುವ ಗುಣ ಅದಕ್ಕಿದೆ. ಪಾಲಿಯೆಸ್ಟರ್ ಕರಗಿ, ತೊಟ್ಟಿಕ್ಕುತ್ತ, ದಟ್ಟವಾದ ಕಪ್ಪು ಹೊಗೆ ಕೊಡುತ್ತದೆ. ಆದರೆ ರೇಷ್ಮೆ ಸೀರೆಯನ್ನೂ ನೀವು ಇಡುವುದು ಪ್ಲಾಸ್ಟಿಕ್ ಹೊದಿಕೆಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಆದ್ದರಿಂದ ರೇಷ್ಮೆಯೆಂಬ ಧೈರ್ಯದಿಂದ ಡಿಟೆಕ್ಟರುಗಳ ಸಂಖ್ಯೆ ಕಡಿಮೆ ಮಾಡಬೇಡಿ. ಕಪಾಟುಗಳನ್ನು ಚಾವಣಿಯವರೆಗೆ ಕಟ್ಟಿಸದೆ ಮೇಲೆ ಜಾಗ ಬಿಟ್ಟರೆ ಹೊಗೆ ಹರಡಿ ಡಿಟೆಕ್ಟರನ್ನು ಮುಟ್ಟಲು ದಾರಿಯಿರುತ್ತದೆ. ಚಾವಣಿ ಮುಟ್ಟುವ ಕಪಾಟು ಗೋಡೆಯಂತೆಯೇ ಹೊಗೆಯನ್ನು ತಡೆಯುವುದರಿಂದ ಅದರ ಎರಡೂ ಬದಿಗೆ ಬೇರೆ ಬೇರೆ ಡಿಟೆಕ್ಟರ್ ಹಾಕಬೇಕಾಗುತ್ತದೆ.

ರಾತ್ರಿಯ ಹೊತ್ತಿಗೆ ಎರಡು ಏರ್ಪಾಟು ಬೇಕು. ರಸ್ತೆಯ ಕಡೆಗೆ, ಶಟರಿನ ಹೊರಗೆ, ಮಳೆ ತಾಳುವ ಹೂಟರ್ ಮತ್ತು ಮಿನುಗುವ ದೀಪವೊಂದು. ಪ್ಯಾನಲಿಗೆ ಸಿಮ್ ಇರುವ ಡಯಲರ್ ಜೋಡಿಸಿದರೆ ಅದು ನೀವು ಕೊಟ್ಟ ಸಂಖ್ಯೆಗಳಿಗೆ ಸರದಿಯಂತೆ ಕರೆ ಮಾಡುತ್ತದೆ. ನಿಮ್ಮ ಸಂಖ್ಯೆಯ ಜೊತೆಗೆ ಅಂಗಡಿಯ ಹತ್ತಿರ ವಾಸವಿರುವ ಒಬ್ಬರದನ್ನೂ ಮಾಲೀಕರದನ್ನೂ ಸೇರಿಸಿ, ಕರೆ ಬಂದವರು ಮೊದಲು 101ಕ್ಕೆ ಅಥವಾ 112ಕ್ಕೆ ತಿಳಿಸಿ ಆಮೇಲೆ ಹೊರಡಬೇಕೆಂದು ಹೇಳಿಟ್ಟಿರಿ. ಕೆಲಸದ ಹುಡುಗರು ಅಂಗಡಿಯೊಳಗೇ ಮಲಗುವ ಪದ್ಧತಿಯಿದ್ದರೆ ಅದನ್ನು ನಿಲ್ಲಿಸಿ, ನಿಲ್ಲಿಸಲಾಗದಿದ್ದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಬಾಗಿಲು ಇಲ್ಲದ ಕಡೆ ಮಲಗಿಸಬೇಡಿ.

ಕರಾರಿನ ಬಗ್ಗೆ ವಕೀಲರೊಬ್ಬರ ಸಲಹೆ ಪಡೆಯಿರಿ. ನನ್ನ ಗ್ರಾಹಕರು ಬರೆಸಿಕೊಂಡ ರೀತಿಯನ್ನು ಮಾತ್ರ ಹೇಳುತ್ತೇನೆ. ಪ್ಯಾನಲ್, ಮೆಟ್ಟಿಲು ಮತ್ತು ನೆಲಮಾಳಿಗೆಯ ಡಿಟೆಕ್ಟರುಗಳು, ಎಲ್ಲ ಮಹಡಿಗಳ ಹೂಟರುಗಳು ಕಟ್ಟಡದ ಸ್ವತ್ತಾಗಿದ್ದು ಮಾಲೀಕರ ಖರ್ಚಿನವು. ಅಂಗಡಿಯೊಳಗಿನ ಡಿಟೆಕ್ಟರುಗಳು ಬಾಡಿಗೆದಾರರ ಖರ್ಚಿನವು, ಆದರೆ ಅವು ಅದೇ ಪ್ಯಾನಲಿಗೆ ಸೇರಬೇಕು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಯಾರ ಹೆಸರಿನಲ್ಲಿ, ಪಾಲು ಎಷ್ಟು ಎಂಬುದು ಕಲಮಿನಲ್ಲಿಯೇ ಇರಲಿ. ಬಾಡಿಗೆ ಅವಧಿ ಮುಗಿದಾಗ ಒಬ್ಬರು ತಮ್ಮ ಭಾಗದ ಸಾಧನಗಳನ್ನು ಕಿತ್ತುಕೊಂಡು ಹೋದರೆ ಉಳಿದವರ ವ್ಯವಸ್ಥೆ ಕೆಡುವುದರಿಂದ, ಹಾಗೆ ಮಾಡುವಂತಿಲ್ಲವೆಂಬ ಮಾತನ್ನೂ ಸೇರಿಸಿ. ತಾರಸಿಯ ಬಾಗಿಲು ಕೆಲಸದ ಸಮಯದಲ್ಲಿ ಬೀಗವಿಲ್ಲದೆ ಇರಬೇಕೆಂಬುದನ್ನು, ಮಂಡ್ಯದ ಶಿಕ್ಷಕಿಯವರ ಮಾತನ್ನು ಓದಿದ ಮೇಲೆ, ನಾನೂ ಇನ್ನು ಮುಂದೆ ಎಲ್ಲರಿಗೂ ಬರೆಸಲು ಹೇಳುವವನಿದ್ದೇನೆ.

ಅಳವಡಿಕೆ ಮುಗಿದ ದಿನ ಹಣದ ಕೊನೆಯ ಕಂತನ್ನು ಕೊಡುವ ಮೊದಲು, ಮುಖ್ಯ ವಿದ್ಯುತ್ತನ್ನು ಆರಿಸಿ ಬ್ಯಾಟರಿಯ ಮೇಲೆಯೇ ಪರೀಕ್ಷೆ ಮಾಡಿಸಿ. ನೆಲಮಾಳಿಗೆಯ ಡಿಟೆಕ್ಟರಿಗೆ ಪರೀಕ್ಷಾ ಹೊಗೆ ಊದಿಸಿ, ನೀವು ಮೂರನೆಯ ಮಹಡಿಯ ತರಗತಿಯೊಳಗೆ ಬಾಗಿಲು ಮುಚ್ಚಿಕೊಂಡು ನಿಂತು ಹೂಟರ್ ಕೇಳಿಸುತ್ತದೆಯೇ ನೋಡಿ. ಕೇಳಿಸದಿದ್ದರೆ ಆ ಮಹಡಿಗೆ ಇನ್ನೊಂದು ಹೂಟರ್ ಹಾಕಿಸಿದ ಮೇಲೆ ಕೆಲಸ ಮುಗಿಯಿತೆಂದು ಸಹಿ ಮಾಡಿ.